ವರ್ಣತಂತುವಿನ ಹಗೇವಿನಲ್ಲಿ ಅಡಗಿದ ವೈರಸ್ಸು

ಕಳೆದ ಮಾಗಿಯಲ್ಲಿ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯ ಒಂದು ಪ್ರೌಢಶಾಲೆಯವರು ತಮ್ಮ ವಿಜ್ಞಾನ ಸಂಘದಲ್ಲಿ ಮಾತನಾಡಬೇಕೆಂದು ನಮ್ಮನ್ನು ಕರೆದಿದ್ದರು. ನಾವು ಆರಿಸಿಕೊಂಡಿದ್ದ ವಿಷಯ ವಿಕಿರಣಪಟುತ್ವ. ರಾಗಿಯ ಕುಯ್ಲು ಮುಗಿದು ಕಣದ ಕೆಲಸ ನಡೆಯುತ್ತಿದ್ದ ದಿನಗಳಾದುದರಿಂದ ಹಾಜರಿ ಅಷ್ಟೇನೂ ಹೆಚ್ಚಾಗಿರಲಿಲ್ಲ. ಆದರೂ ಬಂದವರು ಗಮನವಿಟ್ಟು ಕೇಳಿದರು. ಅರ್ಧಾಯು ಎಂದರೇನು, ಪದಾರ್ಥದ ಅರ್ಧಭಾಗ ಕ್ಷಯಿಸುವುದಕ್ಕೆ ಬೇಕಾದ ಕಾಲ ಏಕೆ ಯಾವಾಗಲೂ ಒಂದೇ ಆಗಿರುತ್ತದೆ ಎಂಬುದನ್ನು ಕರಿಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದೆವು. ಸಭೆ ಮುಗಿದು ಮಕ್ಕಳೆಲ್ಲ ಹೊರಟ ಮೇಲೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲ ಬಳಿ ನಿಂತೇ ಇದ್ದಳು.

“ಸಾರ್, ನಮ್ಮ ಕಡೆಯವರೊಬ್ಬರಿಗೆ ಎಚ್.ಐ.ವಿ. ಇದೆ. ರಕ್ತದಲ್ಲಿ ವೈರಸ್ಸು ಕಾಣುತ್ತಿಲ್ಲವೆಂದು ಡಾಕ್ಟರೇ ಹೇಳಿದ್ದಾರೆ. ಹಾಗಿದ್ದರೂ ಗುಳಿಗೆಯನ್ನು ಮಾತ್ರ ಬಿಡಬಾರದಂತೆ. ಕಾಣದೆ ಇರುವುದಕ್ಕೆ ಔಷಧ ಏಕೆ ಎಂದು ಅವರು ಕೇಳುತ್ತಾರೆ. ಅರಿಸಿನದಿಂದ ಈ ವೈರಸ್ಸು ಅಡಗುತ್ತದೆಂದು ಬೆಂಗಳೂರಿನಲ್ಲಿ ಕಂಡುಹಿಡಿದಿದ್ದಾರಂತೆ. ಗುಳಿಗೆ ಬಿಟ್ಟು ಅರಿಸಿನದ ಕಷಾಯ ಕುಡಿಯುತ್ತಿದ್ದಾರೆ. ಇದು ಸರಿಯೇ?”

‘ನಮ್ಮ ಕಡೆಯವರು’ ಯಾರೆಂದು ನಾವು ಕೇಳಲಿಲ್ಲ, ಕೇಳತಕ್ಕದ್ದೂ ಅಲ್ಲ. ಗುಳಿಗೆಯನ್ನು ಯಾವ ಕಾರಣಕ್ಕೂ ಬಿಡಬಾರದು, ನಾಳೆಯೇ ಚಿಕಿತ್ಸಾ ಕೇಂದ್ರಕ್ಕೆ ಹೋಗಿ ವೈದ್ಯರಿಗೆ ನಡೆದುದನ್ನು ಹೇಳಬೇಕು ಎಂದು ಮಾತ್ರ ಅಲ್ಲಿಯೇ ಖಂಡಿತವಾಗಿ ಹೇಳಿದೆವು. ಆದರೆ ‘ಏಕೆ’ ಎಂಬುದಕ್ಕೆ ಆಕೆಗೆ ಒಪ್ಪಿಗೆಯಾಗುವ ಉತ್ತರ ಭೌತವಿಜ್ಞಾನದ ಅಧ್ಯಾಪಕರಾದ ನಮ್ಮಲ್ಲಿ ಇರಲಿಲ್ಲ. ತಿಳಿದುಕೊಂಡು ಬರೆಯುವೆವೆಂದು ಮಾತು ಕೊಟ್ಟು ಬಂದೆವು. ಜೀವವಿಜ್ಞಾನದ ಸಹೋದ್ಯೋಗಿಗಳನ್ನು ಕಾಡಿ, ಕೆಲವು ತಿಂಗಳು ಓದಿದ ಬಳಿಕ ಆ ಸಾಲವನ್ನು ಇಲ್ಲಿ ತೀರಿಸುತ್ತಿದ್ದೇವೆ. ಈ ಪ್ರಶ್ನೆ ಆಕೆಯೊಬ್ಬಳದೇ ಆಗಿರಲಾರದು.

ಉತ್ತರಕ್ಕಾಗಿ ನಾವು ಜೀವಕೋಶದ ಕೇಂದ್ರದೊಳಕ್ಕೆ ಇಳಿಯಬೇಕು. ಮನುಷ್ಯನ ಒಂದು ಜೀವಕೋಶದಲ್ಲಿರುವ ಡಿ.ಎನ್.ಎ. ಎಳೆಗಳನ್ನೆಲ್ಲ ತುದಿಗೆ ತುದಿ ಸೇರಿಸಿ ಹಿಡಿದರೆ ಅದರ ಉದ್ದ ಸುಮಾರು ಎರಡು ಮೀಟರು, ಎಂದರೆ ಎತ್ತರದ ಆಳೊಬ್ಬನಿಗಿಂತಲೂ ಹೆಚ್ಚು. ಇದು ಅಡಕವಾಗಿರಬೇಕಾದ ಕೋಶಕೇಂದ್ರದ ಅಡ್ಡಳತೆಯಾದರೋ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂತಹ ಆರೇಳು ಪಾಲು ಮಾತ್ರ. ಇಷ್ಟುದ್ದದ ಎಳೆಯನ್ನು ಇಷ್ಟು ಚಿಕ್ಕ ಸ್ಥಳದಲ್ಲಿ ಸಿಕ್ಕಾಗದಂತೆ, ಬೇಕಾದಾಗ ಬೇಕಾದ ಭಾಗವನ್ನು ಬಿಚ್ಚಿ ಓದಲು ಬರುವಂತೆ ಮಡಿಸಿಡುವುದು ಹೇಗೆ?

ಇಲ್ಲಿ ನಮಗೆ ಪರಿಚಯವಿರುವ ವಿದ್ಯುದಾವೇಶಗಳೇ ಕೆಲಸ ಮಾಡುತ್ತವೆ. ಡಿ.ಎನ್.ಎ. ಎಳೆಯ ಉದ್ದಕ್ಕೂ ಫಾಸ್ಫೇಟು ಗುಂಪುಗಳ ಋಣಾವೇಶವಿದೆ. ಅದನ್ನು ಸುತ್ತಿಡುವ ಹಿಸ್ಟೋನುಗಳೆಂಬ ಪ್ರೋಟೀನುಗಳಲ್ಲಿ ಲೈಸಿನ್, ಆರ್ಜಿನೀನ್ ಎಂಬ ಧನಾವೇಶದ ಅಮೈನೋ ಆಮ್ಲಗಳು ತುಂಬಿವೆ. ಎಂಟು ಹಿಸ್ಟೋನುಗಳು ಸೇರಿ ಒಂದು ಪುಟ್ಟ ಉರುಳೆಯಾಗುತ್ತವೆ. 147 ಪ್ರತ್ಯಾಮ್ಲ ಜೋಡಿಗಳಷ್ಟು ಉದ್ದದ ಡಿ.ಎನ್.ಎ. ಆ ಉರುಳೆಯನ್ನು ಒಂದೂಮುಕ್ಕಾಲು ಸುತ್ತಿಗೆ ತುಸು ಕಡಮೆಯಾಗಿ ಬಳಸಿಕೊಳ್ಳುತ್ತದೆ. ಇದಕ್ಕೆ ನ್ಯೂಕ್ಲಿಯೋಸೋಮು ಎಂದು ಹೆಸರು. ಇದರ ಅಡ್ಡಳತೆ ಸುಮಾರು 11 ನ್ಯಾನೋಮೀಟರು. ಅಲ್ಲಿಂದ ಮುಂದಕ್ಕೆ ಸ್ವಲ್ಪ ಬರಿ ಎಳೆ, ಮತ್ತೆ ಒಂದು ಉರುಳೆ, ಹೀಗೆ ದಾರದಲ್ಲಿ ಪೋಣಿಸಿದ ಮಣಿಗಳಂತೆ ಒಂದು ಕೋಶದಲ್ಲಿ ಮೂರು ಕೋಟಿಯಷ್ಟು ನ್ಯೂಕ್ಲಿಯೋಸೋಮುಗಳಿವೆ. ಈ ಮಣಿಮಾಲೆಯ ಕಲ್ಪನೆಯನ್ನು 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಮುಂದಿಟ್ಟರು. 1997ರಲ್ಲಿ ಎಕ್ಸ್ ಕಿರಣಗಳ ನೆರವಿನಿಂದ ಅದರ ಪರಮಾಣುಗಳ ಸ್ಥಾನಗಳೇ ತಿಳಿದುಬಂದುವು.

ಡಿ.ಎನ್.ಎ. ಮತ್ತು ಪ್ರೋಟೀನುಗಳ ಈ ಜೋಡಣೆಗೆ ಕ್ರೊಮ್ಯಾಟಿನ್ ಎನ್ನುತ್ತಾರೆ. ಜರ್ಮನಿಯ ಫ್ಲೆಮಿಂಗ್ ಎಂಬಾತ 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಇದು ಬಣ್ಣವನ್ನು ಚೆನ್ನಾಗಿ ಹೀರುತ್ತದೆಂಬ ಕಾರಣಕ್ಕೆ ಆ ಹೆಸರಿಟ್ಟ. ನಮ್ಮ ‘ವರ್ಣತಂತು’ವೂ ಅದೇ ಜಾಡಿನ ಮಾತು. ನಿಜವಾಗಿ ನೋಡಿದರೆ ಅದಕ್ಕೆ ಬಣ್ಣವೇ ಇಲ್ಲ! ಕರ್ಣಾಟಕದಲ್ಲಿ ಕ್ರೊಮ್ಯಾಟಿನ್ನಿನ ಅಧ್ಯಯನಕ್ಕೆ ಗಟ್ಟಿಯಾದ ನೆಲೆ ಒದಗಿಸಿದವರಲ್ಲಿ ಮೈಸೂರಿನಲ್ಲಿ 1948ರಲ್ಲಿ ಹುಟ್ಟಿದ ಎಂ. ಆರ್. ಎಸ್. ರಾವ್ ಅವರು ಪ್ರಮುಖರು. ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನುಗಳು ಜಾಗ ಬಿಟ್ಟು ಬೇರೆ ಪ್ರೋಟೀನುಗಳು ಬಂದು ಡಿ.ಎನ್.ಎ.ಯನ್ನು ಇನ್ನೂ ಬಿಗಿಯಾಗಿ ಕಟ್ಟುವ ಬಗೆಯನ್ನು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪರಿಶೀಲಿಸಿದರು. ಆಮೇಲೆ 2003ರಿಂದ 2013ರ ವರೆಗೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನ ಕೇಂದ್ರದ ಅಧ್ಯಕ್ಷರಾಗಿದ್ದರು. 2023ರಲ್ಲಿ ತೀರಿಕೊಂಡರು. ಮುಂದೆ ಹೇಳಲಿರುವ ಬೆಂಗಳೂರಿನ ಕೆಲಸಗಳು ನಡೆದುದು ಆ ಜಕ್ಕೂರಿನ ಕೇಂದ್ರದಲ್ಲಿಯೇ.

ಮಣಿಗಳು ಸಡಿಲವಾಗಿರುವ ಕಡೆ ಜೀನುಗಳನ್ನು ಓದುವ ಕಿಣ್ವಗಳಿಗೆ ಪ್ರವೇಶವುಂಟು. ಒತ್ತಾಗಿ ಸೇರಿರುವ ಕಡೆ ಇಲ್ಲ. ಸಡಿಲಿಸುವ ಉಪಾಯವೂ ವಿದ್ಯುದಾವೇಶದ್ದೇ. ಹಿಸ್ಟೋನಿನ ಬಾಲದಂತೆ ಹೊರಚಾಚಿದ ಭಾಗದಲ್ಲಿರುವ ಲೈಸಿನ್ನಿಗೆ ಅಸಿಟೈಲ್ ಗುಂಪೊಂದನ್ನು ಅಂಟಿಸಿದರೆ ಅದರ ಧನಾವೇಶ ಅಳಿಯುತ್ತದೆ, ಡಿ.ಎನ್.ಎ.ಯ ಮೇಲಿನ ಹಿಡಿತ ಸಡಿಲುತ್ತದೆ. ಅಂಟಿಸುವ ಕಿಣ್ವಗಳು ಬೇರೆ, ಕಿತ್ತುಹಾಕುವ ಕಿಣ್ವಗಳು ಬೇರೆ. ಒಂದು ಗುಂಪು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ವಾಚಕರು ಇದಿಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಇನ್ನು ವೈರಸ್ಸಿನ ವಿಚಾರ. ಎಚ್.ಐ.ವಿ.ಯ ಆನುವಂಶಿಕ ಲಿಪಿ ಡಿ.ಎನ್.ಎ. ಅಲ್ಲ, ಆರ್.ಎನ್.ಎ. ಅದು ನಮ್ಮ ರಕ್ತದ ಒಂದು ಬಗೆಯ ಬಿಳಿಯ ಕೋಶವನ್ನು, ರೋಗನಿರೋಧದ ದಳಪತಿಯಂತಿರುವ ಸಿ.ಡಿ.4 ಕೋಶವನ್ನು ಹೊಕ್ಕು, ತನ್ನ ಆರ್.ಎನ್.ಎ.ಯನ್ನು ಡಿ.ಎನ್.ಎ. ಆಗಿ ಹಿಮ್ಮುಖವಾಗಿ ನಕಲು ಮಾಡಿಕೊಳ್ಳುತ್ತದೆ. ಇಂತಹ ಹಿಮ್ಮುಖ ನಕಲು ಸಾಧ್ಯವೆಂದು 1970ರಲ್ಲಿ ಹವರ್ಡ್ ಟೆಮಿನ್, ಡೇವಿಡ್ ಬಾಲ್ಟಿಮೋರ್ ಇಬ್ಬರೂ ಪ್ರತ್ಯೇಕವಾಗಿ ಕಂಡುಹಿಡಿದಾಗ ಅನೇಕರಿಗೆ ನಂಬುವುದೇ ಕಷ್ಟವಾಯಿತು. 1975ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಹೀಗೆ ಸಿದ್ಧವಾದ ಡಿ.ಎನ್.ಎ. ಸುಮಾರು 9,700 ಪ್ರತ್ಯಾಮ್ಲ ಜೋಡಿಗಳಷ್ಟು ಉದ್ದ. ಇಂಟಿಗ್ರೇಸ್ ಎಂಬ ವೈರಸ್ಸಿನದೇ ಕಿಣ್ವವು ಅದರ ಎರಡು ತುದಿಗಳನ್ನು ಹಿಡಿದು, ಪ್ರತಿ ತುದಿಯಿಂದಲೂ ಎರಡೆರಡು ಅಕ್ಷರಗಳನ್ನು ಕತ್ತರಿಸಿ, ನಮ್ಮ ವರ್ಣತಂತುವನ್ನು ಸೀಳಿ, ಅಲ್ಲಿ ಹೊಲಿದುಬಿಡುತ್ತದೆ. ಉಳಿದ ಸಣ್ಣ ಬಿರುಕುಗಳನ್ನು ಮುಚ್ಚುವ ಕೆಲಸ ನಮ್ಮ ಕೋಶದ ರಿಪೇರಿಗಾರ ಕಿಣ್ವಗಳದು. ಕಳ್ಳನು ಕನ್ನ ಕೊರೆದು ಒಳಹೊಕ್ಕ ಮೇಲೆ ಮನೆಯವರೇ ಬಂದು ಗೋಡೆಯನ್ನು ಸಾರಿಸಿ ಕೊಟ್ಟ ಹಾಗೆ!

ಹೊಲಿಗೆ ಮುಗಿದ ಮೇಲೆ ಆ ಡಿ.ಎನ್.ಎ. ಪರಕೀಯವಲ್ಲ. ಕೋಶ ಒಡೆದು ಎರಡಾದರೆ ಅದೂ ಎರಡಾಗುತ್ತದೆ. ಈ ಸ್ಥಿತಿಯಲ್ಲಿರುವ ವೈರಸ್ಸಿಗೆ ಪ್ರೊವೈರಸ್ಸು ಎಂದು ಹೆಸರು. ಇದನ್ನು ಹುಡುಕುವುದು ಎಷ್ಟು ಕಷ್ಟವೆಂಬುದನ್ನು ಊಹಿಸಲು ಒಂದು ಲೆಕ್ಕ ಮಾಡೋಣ. ಕೋಶದಲ್ಲಿರುವ ಡಿ.ಎನ್.ಎ. ಒಟ್ಟು 640 ಕೋಟಿ ಜೋಡಿಗಳಷ್ಟು. ಅದನ್ನು ಬೆಂಗಳೂರಿನಿಂದ ಮೈಸೂರಿನ ವರೆಗಿನ ಸುಮಾರು 140 ಕಿಲೋಮೀಟರು ರಸ್ತೆಯೆಂದು ಭಾವಿಸಿದರೆ, ವೈರಸ್ಸಿನ ತುಣುಕು ಆ ರಸ್ತೆಯ ಮೇಲೆ 21 ಸೆಂಟಿಮೀಟರು ಉದ್ದದ ಒಂದು ತೇಪೆ. ಎಂದರೆ ಒಂದು ಗೇಣು. ಅದೂ ಅದೇ ಜಲ್ಲಿ, ಅದೇ ಡಾಂಬರಿನಿಂದ ಮಾಡಿದ ತೇಪೆ.

ತೇಪೆ ಎಲ್ಲಿ ಬೀಳುತ್ತದೆ ಎಂಬುದು ಕೇವಲ ಅದೃಷ್ಟವೆಂದು ಬಹುಕಾಲ ಭಾವಿಸಿದ್ದರು. 2002ರಲ್ಲಿ ಅಮೆರಿಕದ ಸಂಶೋಧಕರು ಐನೂರಕ್ಕೂ ಹೆಚ್ಚು ಹೊಲಿಗೆಯ ಸ್ಥಳಗಳನ್ನು ಗುರುತಿಸಿ ನೋಡಿದಾಗ, ನೂರಕ್ಕೆ ಸುಮಾರು 70 ಭಾಗ ಜೀನುಗಳ ಒಳಗೇ ಬಿದ್ದಿದ್ದುವು. ಅದರಲ್ಲಿಯೂ ಚಟುವಟಿಕೆಯಿಂದಿರುವ ಜೀನುಗಳ ಒಳಗೆ. ಕಾರಣ ತಿಳಿದುದು ಅನಂತರ. ತೆರೆದ ಕ್ರೊಮ್ಯಾಟಿನ್ನಿನ ಹಿಸ್ಟೋನುಗಳ ಮೇಲಿರುವ ಒಂದು ವಿಶಿಷ್ಟ ರಾಸಾಯನಿಕ ಗುರುತನ್ನು ಹಿಡಿದು ಕುಳಿತುಕೊಳ್ಳುವ ಪ್ರೋಟೀನೊಂದು ನಮ್ಮ ಕೋಶದಲ್ಲಿದೆ. ವೈರಸ್ಸಿನ ಇಂಟಿಗ್ರೇಸ್ ಆ ಪ್ರೋಟೀನಿಗೆ ಜೋತುಬಿದ್ದು ಅಲ್ಲಿಗೆ ಬಂದು ಸೇರುತ್ತದೆ. ಮತ್ತೊಂದು ಸೋಜಿಗವೆಂದರೆ, ಬರಿಯ ಎಳೆಗಿಂತ ಮಣಿಯ ಮೇಲೆ ಸುತ್ತಿದ ಎಳೆಯನ್ನೇ ಇಂಟಿಗ್ರೇಸ್ ಮೆಚ್ಚುವುದು. ಸುತ್ತುವಾಗ ಡಿ.ಎನ್.ಎ. ಬಾಗುತ್ತದೆ, ಬಾಗಿದ ಕಡೆ ಸೀಳುವುದು ಸುಲಭ. ಹಸಿ ಬಿದಿರನ್ನು ಬಗ್ಗಿಸಿ ಹಿಡಿದು ಸೀಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ವಿಷಯದ ತಿರುಳಿಗೆ ಬಂದೆವು. ಹೊಲಿಯಲ್ಪಟ್ಟ ತುಣುಕು ಬರಿಯ ಎಳೆಯಾಗಿ ಉಳಿಯುವುದಿಲ್ಲ. ಕೋಶವು ತನ್ನ ಡಿ.ಎನ್.ಎ.ಗೆ ಮಾಡಿದಂತೆ ಇದಕ್ಕೂ ಹಿಸ್ಟೋನಿನ ಉರುಳೆಗಳನ್ನು ತೊಡಿಸುತ್ತದೆ. ಇಡೀ ಪ್ರೊವೈರಸ್ಸಿಗೆ ಐವತ್ತರಷ್ಟು ಮಣಿಗಳು ಹಿಡಿಯುತ್ತವೆ. ಈ ಮಣಿಗಳು ಮನಬಂದ ಕಡೆ ಕೂರುವುದಿಲ್ಲವೆಂಬುದನ್ನು 1993ರಲ್ಲಿ ಎರಿಕ್ ವರ್ಡಿನ್, ಕ್ಯಾರೀನ್ ವಾನ್ ಲಿಂಟ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಪ್ರೊವೈರಸ್ಸಿನ ಆರಂಭದ ತುದಿಯಲ್ಲಿ, ಓದು ಶುರುವಾಗಬೇಕಾದ ಬಿಂದುವಿನ ಹಿಂದೆ ಒಂದು ಬಯಲು ಜಾಗವಿದೆ. ಅಲ್ಲಿ ಮಣಿ ಇಲ್ಲ. ಓದುವಿಕೆಯನ್ನು ಪ್ರಚೋದಿಸುವ ಪ್ರೋಟೀನುಗಳು ಬಂದು ಇಳಿಯುವ ಮೆಟ್ಟಿಲುಗಳು ಅಲ್ಲಿಯೇ ಇವೆ. ಆದರೆ ಆರಂಭಬಿಂದುವಿನ ಮಗ್ಗುಲಿಗೇ, ಮುಂದಿನ ದಾರಿಗೆ ಅಡ್ಡವಾಗಿ, ಒಂದು ಮಣಿ ಸದಾ ಕುಳಿತಿರುತ್ತದೆ. ಅದನ್ನು ‘ನ್ಯೂಕ್-1’ ಎಂದು ಕರೆದರು. ಕೆರೆಯ ತೂಬನ್ನು ಕಂಡವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಒಳಗೆ ನೀರು ತುಂಬಿದೆ, ಕಾಲುವೆಯೂ ಸಿದ್ಧವಾಗಿದೆ. ಆದರೆ ಬಾಯಿಗೆ ಬಿರಡೆ ಬಿದ್ದಿದೆ. ಕೋಶವು ಉದ್ರಿಕ್ತವಾದಾಗ ನ್ಯೂಕ್-1 ಕದಲಿ ಕಳಚಿಕೊಳ್ಳುತ್ತದೆ. ಕೂಡಲೇ ವೈರಸ್ಸಿನ ಜೀನುಗಳ ಓದು ಆರಂಭವಾಗುತ್ತದೆ. ಆಗ ತಯಾರಾಗುವ ಟ್ಯಾಟ್ ಎಂಬ ವೈರಸ್ಸಿನ ಪ್ರೋಟೀನು ಹಿಂದಿರುಗಿ ಬಂದು ಓದನ್ನು ಮತ್ತೂ ಅನೇಕ ಪಟ್ಟು ಹೆಚ್ಚಿಸುತ್ತದೆ.

ಉದ್ರೇಕವೇ ಇಲ್ಲದಿದ್ದರೆ? ಸಿ.ಡಿ.4 ಕೋಶಗಳಲ್ಲಿ ಕೆಲವು, ಹಿಂದೆ ಕಂಡ ರೋಗಾಣುವಿನ ನೆನಪನ್ನು ಹೊತ್ತು ವರ್ಷಗಟ್ಟಲೆ ವಿಶ್ರಾಂತಿಯಲ್ಲಿರುವ ಸ್ಮೃತಿಕೋಶಗಳಾಗುತ್ತವೆ. ವೈರಸ್ಸು ಹೊಲಿಗೆ ಹಾಕಿಕೊಂಡ ಕೋಶವೊಂದು ಹಾಗೆ ವಿಶ್ರಾಂತಿಗೆ ಸರಿದರೆ ಅದರ ಕ್ರೊಮ್ಯಾಟಿನ್ ಮುಚ್ಚಿಕೊಳ್ಳುತ್ತದೆ, ನ್ಯೂಕ್-1 ಭದ್ರವಾಗುತ್ತದೆ, ಪ್ರೊವೈರಸ್ಸು ಮೌನವಾಗುತ್ತದೆ. ಒಂದು ಪ್ರೋಟೀನೂ ತಯಾರಾಗುವುದಿಲ್ಲ. ಆದುದರಿಂದ ದೇಹದ ಕಾವಲುಗಾರ ಕೋಶಗಳಿಗೆ ಗುರುತೇ ಸಿಕ್ಕುವುದಿಲ್ಲ. ರಕ್ತಪರೀಕ್ಷೆ ಅಳೆಯುವುದು ಕೋಶದ ಹೊರಗೆ ತೇಲುವ ವೈರಸ್ ಕಣಗಳನ್ನು, ಅವೂ ಇಲ್ಲ. ನಮ್ಮ ಸೀಮೆಯ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಹಾಕುತ್ತಿದ್ದರಷ್ಟೆ. ಮೇಲೆ ನಡೆದಾಡುವವನಿಗೆ ನೆಲ ಬರಿದಾಗಿಯೇ ಕಾಣುವುದು. ರಕ್ತದಲ್ಲಿ ‘ಕಾಣುತ್ತಿಲ್ಲ’ ಎಂದರೆ ನೆಲದ ಮೇಲೆ ಕಾಳಿಲ್ಲ ಎಂದಷ್ಟೇ ಅರ್ಥ. ಹಗೇವು ಬರಿದಾಯಿತೆಂದು ಅರ್ಥವಲ್ಲ.

ಗುಳಿಗೆ ಏನು ಮಾಡುತ್ತದೆ? ಈಗ ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮೊದಲಿಗೆ ಕೊಡುವ ಗುಳಿಗೆಯಲ್ಲಿ ಮೂರು ಔಷಧಗಳಿವೆ. ಟೆನೊಫೊವಿರ್, ಲ್ಯಾಮಿವುಡೀನ್ ಎಂಬ ಎರಡು, ಆರ್.ಎನ್.ಎ.ಯಿಂದ ಡಿ.ಎನ್.ಎ. ನಕಲಾಗುವುದನ್ನು ತಡೆಯುತ್ತವೆ. ಡಾಲ್ಯುಟೆಗ್ರಾವಿರ್ ಎಂಬ ಮೂರನೆಯದು ಇಂಟಿಗ್ರೇಸಿನ ಕೈ ಕಟ್ಟುತ್ತದೆ. ಮೂರೂ ಹೊಸ ಕೋಶಗಳಲ್ಲಿ ಹೊಸ ಹೊಲಿಗೆ ಬೀಳದಂತೆ ಕಾಯುವುವು. ಹಳೆಯ ಹೊಲಿಗೆಯನ್ನು ಬಿಚ್ಚುವ ಶಕ್ತಿ ಯಾವುದಕ್ಕೂ ಇಲ್ಲ. ಪ್ರತಿದಿನವೂ ಎಲ್ಲೋ ಕೆಲವು ಸ್ಮೃತಿಕೋಶಗಳು ಎಚ್ಚರಗೊಂಡು ವೈರಸ್ಸನ್ನು ಹೊರಗೆ ಬಿಡುತ್ತಲೇ ಇರುತ್ತವೆ. ಗುಳಿಗೆ ಇದ್ದರೆ ಆ ವೈರಸ್ಸಿಗೆ ಮುಂದೆ ದಾರಿಯಿಲ್ಲ. ಗುಳಿಗೆ ನಿಂತಿತೆಂದರೆ ಬಹುಪಾಲು ಜನರಲ್ಲಿ ಕೆಲವೇ ವಾರಗಳಲ್ಲಿ ರಕ್ತದಲ್ಲಿ ವೈರಸ್ಸು ಮತ್ತೆ ತುಂಬಿಕೊಳ್ಳುತ್ತದೆ.

ಹುಡುಗಿಯ ಪ್ರಶ್ನೆಗೆ ಇದೇ ಮೊದಲನೆಯ ಉತ್ತರ. ಆದರೆ ಆಕೆ ನಮ್ಮ ಅರ್ಧಾಯುವಿನ ಪಾಠವನ್ನು ಕೇಳಿದವಳು. “ಹಾಗಾದರೆ ಹಗೇವು ತಾನಾಗಿ ಕ್ಷಯಿಸುವುದಕ್ಕೆ ಎಷ್ಟು ಕಾಲ ಬೇಕು?” ಎಂದು ಕೇಳದೆ ಬಿಡುವವಳಲ್ಲ. ಈ ಪ್ರಶ್ನೆಯನ್ನು ಅಮೆರಿಕದ ಬಾಲ್ಟಿಮೋರಿನಲ್ಲಿ ರಾಬರ್ಟ್ ಸಿಲಿಸಿಯಾನೊ ಅವರ ತಂಡ ಕೇಳಿತು. ಇಂತಹ ಅಡಗಿದ ಕೋಶಗಳು ಚಿಕಿತ್ಸೆಯಲ್ಲಿರುವವರಲ್ಲಿಯೂ ಉಳಿದಿರುವುದನ್ನು 1997ರಲ್ಲಿ ಮೂರು ತಂಡಗಳು ತೋರಿಸಿದ್ದುವು. 2003ರಲ್ಲಿ ಸಿಲಿಸಿಯಾನೊ ತಂಡ ಪ್ರಕಟಿಸಿದ ಅರ್ಧಾಯು 44 ತಿಂಗಳು. ಅಡಗಿದ ಕೋಶಗಳು ಹತ್ತು ಲಕ್ಷವಿದ್ದುವೆಂದು ಇಟ್ಟುಕೊಳ್ಳಿ. ಅರ್ಧ, ಅರ್ಧದ ಅರ್ಧ ಎಂದು 20 ಸಲ ಮಾಡಿದರೆ ಉಳಿಯುವುದು ಒಂದು. 20ನ್ನು 44ರಿಂದ ಗುಣಿಸಿದರೆ 880 ತಿಂಗಳು, ಎಂದರೆ 73 ವರ್ಷ! ಇಪ್ಪತ್ತೈದರ ಹರೆಯದಲ್ಲಿ ಚಿಕಿತ್ಸೆ ಆರಂಭಿಸಿದವನಿಗೆ ಆ ಹೊತ್ತಿಗೆ 98.

ವಿಕಿರಣಪಟು ಪರಮಾಣುವಿಗೂ ಈ ಕೋಶಕ್ಕೂ ಒಂದು ಭೇದವಿದೆ. ಅದು ನಮಗೆ ಅನುಕೂಲವಾದ ಭೇದವೂ ಅಲ್ಲ. ಪರಮಾಣು ಮರಿ ಹಾಕುವುದಿಲ್ಲ, ಕೋಶ ಹಾಕುತ್ತದೆ. ಸ್ಮೃತಿಕೋಶಗಳು ನಿಧಾನವಾಗಿ ಒಡೆದು ಹೆಚ್ಚುವಾಗ, ಒಳಗಿನ ಪ್ರೊವೈರಸ್ಸು ಒಂದು ಮಾತೂ ಆಡದೆ ತಾನೂ ಹೆಚ್ಚುತ್ತದೆ. ಎರಡು ದಶಕಗಳಿಗೂ ಮೀರಿ ಚಿಕಿತ್ಸೆ ಪಡೆದವರಲ್ಲಿ ಹಗೇವಿನ ಇಳಿತವೇ ನಿಂತುಹೋಗಿರುವುದನ್ನು ಅದೇ ಬಾಲ್ಟಿಮೋರಿನ ಪ್ರಯೋಗಾಲಯದವರು 2023ರಲ್ಲಿ ವರದಿಮಾಡಿದರು.

ನಮ್ಮ ದೇಶದಲ್ಲಿ ಹರಡಿರುವುದು ಬಹುಮಟ್ಟಿಗೆ ಈ ವೈರಸ್ಸಿನ ‘ಸಿ’ ಎಂಬ ಪಂಗಡ. ಪಾಶ್ಚಾತ್ಯ ದೇಶಗಳ ‘ಬಿ’ ಪಂಗಡಕ್ಕೂ ಇದಕ್ಕೂ ಇರುವ ಒಂದು ವ್ಯತ್ಯಾಸವು ಆ ತೂಬಿನ ಹಿಂದಿನ ಬಯಲಿನಲ್ಲಿಯೇ ಇದೆ. ಎನ್.ಎಫ್. ಕಪ್ಪ-ಬಿ ಎಂಬ ಪ್ರಚೋದಕ ಪ್ರೋಟೀನು ಇಳಿಯುವ ಮೆಟ್ಟಿಲುಗಳು ‘ಬಿ’ಯಲ್ಲಿ ಸಾಮಾನ್ಯವಾಗಿ ಎರಡು, ‘ಸಿ’ಯಲ್ಲಿ ಮೂರು. ಜಕ್ಕೂರಿನಲ್ಲಿ ಉದಯಕುಮಾರ್ ರಂಗ ಅವರ ಪ್ರಯೋಗಾಲಯವು ನಾಲ್ಕು ಮೆಟ್ಟಿಲುಗಳಿರುವ ಹೊಸ ತಳಿಗಳು ಭಾರತದಲ್ಲಿ ತಲೆಯೆತ್ತುತ್ತಿರುವುದನ್ನು 2012ರಲ್ಲಿ ಪ್ರಕಟಿಸಿತು. ಮೆಟ್ಟಿಲು ಹೆಚ್ಚಿದಷ್ಟೂ ವೈರಸ್ಸಿನ ಓದು ಬಿರುಸಾಗುತ್ತದೆ; ಇದು ನಿರೀಕ್ಷಿತವೇ. ಅದೇ ಪ್ರಯೋಗಾಲಯ 2020ರಲ್ಲಿ ತಿಳಿಸಿದುದು ಮಾತ್ರ ನಿರೀಕ್ಷೆಗೆ ವಿರುದ್ಧವಾದ ಸಂಗತಿ. ಮೆಟ್ಟಿಲು ಹೆಚ್ಚಿದ ತಳಿ ಹೆಚ್ಚು ಕಾಲ ಗದ್ದಲ ಮಾಡಬೇಕಷ್ಟೆ? ಹಾಗಾಗದೆ ಅದು ಬೇಗನೆ ಮೌನಕ್ಕೆ ಜಾರುತ್ತದೆ, ಮತ್ತು ಹಾಗೆ ಜಾರಿಸುವುದರಲ್ಲಿ ಟ್ಯಾಟ್ ಪ್ರೋಟೀನಿನದೇ ಕೈವಾಡವಿರುವಂತೆ ತೋರುತ್ತದೆ. ಏರಿಸಿದವನೇ ಇಳಿಸುವವನೂ ಆಗುವ ಇಂತಹ ವ್ಯವಸ್ಥೆ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆದರೆ ಒಂಬತ್ತೇ ಜೀನುಗಳ ಒಂದು ಕಣದಲ್ಲಿ ಅದನ್ನು ಕಂಡಾಗ ನಾವು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಹಗೇವನ್ನು ಬರಿದು ಮಾಡುವುದಕ್ಕೆ ಎರಡು ದಾರಿಗಳನ್ನು ವಿಜ್ಞಾನಿಗಳು ಯೋಚಿಸಿದ್ದಾರೆ. ಒಂದು, ಎಬ್ಬಿಸಿ ಕೊಲ್ಲುವುದು. ಅಸಿಟೈಲ್ ಗುಂಪುಗಳನ್ನು ಕಿತ್ತುಹಾಕುವ ಕಿಣ್ವಗಳನ್ನು ಔಷಧದಿಂದ ತಡೆದರೆ ಕ್ರೊಮ್ಯಾಟಿನ್ ತೆರೆಯುತ್ತದೆ, ನ್ಯೂಕ್-1 ಕದಲುತ್ತದೆ, ವೈರಸ್ಸು ತಲೆಯೆತ್ತುತ್ತದೆ. ಆಗ ಅದನ್ನು ಹೊತ್ತ ಕೋಶವನ್ನು ದೇಹ ಗುರುತಿಸಿ ನಾಶಮಾಡಬಹುದು. 2012ರಲ್ಲಿ ಎಂಟು ರೋಗಿಗಳಿಗೆ ವೊರಿನೊಸ್ಟ್ಯಾಟ್ ಎಂಬ ಔಷಧದ ಒಂದೇ ಮಾತ್ರೆಯ ಪ್ರಮಾಣ ಕೊಟ್ಟು ನೋಡಿದಾಗ ವಿಶ್ರಾಂತ ಕೋಶಗಳಲ್ಲಿ ವೈರಸ್ಸಿನ ಆರ್.ಎನ್.ಎ. ಸರಾಸರಿ 4.8 ಪಟ್ಟು ಏರಿತು. ಎಬ್ಬಿಸುವುದು ಸಾಧ್ಯವೆಂದು ಸ್ಥಿರಪಟ್ಟಿತು. ಆದರೆ ಕೊಲ್ಲುವ ಕೆಲಸ ಕೈಗೂಡಲಿಲ್ಲ. ಅನಂತರದ ಪರೀಕ್ಷೆಗಳಲ್ಲಿಯೂ ಇಂತಹ ಔಷಧಗಳಿಂದ ಹಗೇವು ಗಣನೀಯವಾಗಿ ತಗ್ಗಿಲ್ಲ.

ಇನ್ನೊಂದು ದಾರಿ ಇದಕ್ಕೆ ತದ್ವಿರುದ್ಧ: ಎಂದಿಗೂ ಏಳದಂತೆ ಬೀಗ ಹಾಕುವುದು. ಇದು ಕೇವಲ ಕಲ್ಪನೆಯಲ್ಲವೆಂಬುದಕ್ಕೆ ಪ್ರಕೃತಿಯಲ್ಲಿಯೇ ಸಾಕ್ಷಿಯುಂಟು. ಸೋಂಕಾದವರಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಮೆ ಮಂದಿ ಔಷಧವಿಲ್ಲದೆಯೇ ವೈರಸ್ಸನ್ನು ಹತ್ತಿಕ್ಕಿ ಬಾಳುತ್ತಾರೆ. 2020ರಲ್ಲಿ ಅಂತಹ 64 ಜನರ ಪ್ರೊವೈರಸ್ಸುಗಳು ಎಲ್ಲಿ ಹೊಲಿಯಲ್ಪಟ್ಟಿವೆಯೆಂದು ಅಮೆರಿಕದ ಸಂಶೋಧಕರು ಪರಿಶೀಲಿಸಿದರು. ಇತರರಲ್ಲಿ ಚಟುವಟಿಕೆಯ ಜೀನುಗಳ ನಡುವೆ ಇರುತ್ತಿದ್ದ ಪೂರ್ಣ ಪ್ರೊವೈರಸ್ಸುಗಳು ಇವರಲ್ಲಿ ಜೀನುಗಳೇ ಇಲ್ಲದ ಮರುಭೂಮಿಗಳಲ್ಲಿ, ವರ್ಣತಂತುವಿನ ನಡುಗಂಟಿನ ಬಿಗಿಯಾದ ಕ್ರೊಮ್ಯಾಟಿನ್ನಿನಲ್ಲಿ ಹೂತುಹೋಗಿದ್ದುವು. ಜೀನುಗಳ ನಡುವೆ ಇದ್ದವು ಕಾಲಕ್ರಮದಲ್ಲಿ ಬಾಯಿಬಿಟ್ಟು ಸಿಕ್ಕಿಬಿದ್ದು ನಾಶವಾಗಿ, ಬಾಯಿಬಿಡಲಾರದವು ಮಾತ್ರ ಉಳಿದುವೆಂದು ಸಂಶೋಧಕರ ಊಹೆ. ಒಬ್ಬರಲ್ಲಂತೂ 150 ಕೋಟಿ ಕೋಶಗಳನ್ನು ಜಾಲಿಸಿದರೂ ಒಂದೇ ಒಂದು ಪೂರ್ಣ ಪ್ರೊವೈರಸ್ಸು ದೊರೆಯಲಿಲ್ಲ. ಒಂದೇ ಲಿಪಿ, ಒಂದೇ ವೈರಸ್ಸು. ಆದರೆ ಸುತ್ತಲಿನ ಕ್ರೊಮ್ಯಾಟಿನ್ ಬೇರೆಯಾದರೆ ಮನುಷ್ಯನ ಗತಿಯೇ ಬೇರೆಯಾಗುತ್ತದೆ.

ಅರಿಸಿನದ ಸುದ್ದಿ ಹುಟ್ಟಿದುದು ಈ ಎರಡನೆಯ ದಾರಿಯ ಮೇಲೆ. ಅದು ಪೂರ್ತಿ ಸುಳ್ಳಲ್ಲ. ಅದೇ ಅದರ ಅಪಾಯ. ಜಕ್ಕೂರಿನಲ್ಲಿ ತಪಸ್ ಕುಂಡು ಅವರ ತಂಡ, ರಂಗ ಅವರ ತಂಡದೊಡನೆ ಸೇರಿ, ಅರಿಸಿನದ ಹಳದಿ ದ್ರವ್ಯವಾದ ಕರ್ಕ್ಯುಮಿನ್ ಹಿಸ್ಟೋನುಗಳಿಗೆ ಅಸಿಟೈಲ್ ಅಂಟಿಸುವ ಪಿ-300 ಎಂಬ ಕಿಣ್ವವನ್ನು ತಡೆಯುತ್ತದೆಂದು 2004ರಲ್ಲಿ ತೋರಿಸಿತು. ಟ್ಯಾಟ್ ಪ್ರೋಟೀನಿನ ಮೇಲೆ ಅಸಿಟೈಲ್ ಅಂಟುವುದನ್ನೂ ಅದು ತಡೆಯಿತು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳಲ್ಲಿ ವೈರಸ್ಸಿನ ಹಾವಳಿ ತಗ್ಗಿತು. ಅದೇ ವರ್ಷ, ನಮ್ಮ ಕರಾವಳಿ ಮತ್ತು ಮಲೆನಾಡಿನವರು ಪುನರ್ಪುಳಿ, ಮುರುಗಲು ಎಂದು ಕರೆಯುವ ಹಣ್ಣಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ವಸ್ತುವಿಗೂ ಅಂತಹ ಗುಣವಿರುವುದನ್ನು ಕುಂಡು ತಂಡ ಪ್ರಕಟಿಸಿತು. ಗಾರ್ಸಿನಾಲ್ ಕೋಶಗಳಿಗೆ ವಿಷಕಾರಿಯಾದುದರಿಂದ ಅದರ ರಚನೆಯನ್ನು ಮಾರ್ಪಡಿಸಿ, ಕೋಶಗಳಿಗೆ ಹಾನಿ ಮಾಡದೆ ಪಿ-300ನ್ನು ಮಾತ್ರ ತಡೆಯುವ ಒಂದು ಸಂಯುಕ್ತವನ್ನು ತಯಾರಿಸಿ, ಅದು ವೈರಸ್ಸಿನ ವೃದ್ಧಿಯನ್ನು ಕುಗ್ಗಿಸುತ್ತದೆಂದು 2007ರಲ್ಲಿ ವರದಿಮಾಡಿದರು. ಸಾರಿನ ಪಾತ್ರೆಯಿಂದ ಕ್ರೊಮ್ಯಾಟಿನ್ನಿನ ಕೀಲಿಗೆ ದಾರಿ ತೋರಿಸಿದ ಸುಂದರವಾದ ಕೆಲಸವಿದು.

ಆದರೆ ಗಾಜಿನ ಪಾತ್ರೆಗೂ ಮನುಷ್ಯನ ದೇಹಕ್ಕೂ ನಡುವೆ ದೊಡ್ಡ ಹೊಳೆಯಿದೆ. ಪಾತ್ರೆಯಲ್ಲಿ ಕರ್ಕ್ಯುಮಿನ್ನನ್ನು ನೇರವಾಗಿ ಕೋಶಗಳ ಮೇಲೆ ಸುರಿಯುತ್ತಾರೆ. ಕಷಾಯವಾಗಿ ಕುಡಿದಾಗ ಕರುಳು ಅದನ್ನು ಬಹಳ ಕಡಮೆ ಹೀರುತ್ತದೆ. ಹೀರಿದ ಅಷ್ಟನ್ನೂ ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. ರಕ್ತದಲ್ಲಿ ಉಳಿಯುವ ಪ್ರಮಾಣ ಪ್ರಯೋಗದಲ್ಲಿ ಬಳಸಿದುದರ ಹತ್ತಿರಕ್ಕೂ ಬರುವುದಿಲ್ಲ. ಅಷ್ಟೂ ಬಂದಿತೆಂದೇ ಇಟ್ಟುಕೊಳ್ಳೋಣ; ಪಿ-300 ಕಿಣ್ವಕ್ಕೆ ದೇಹದಲ್ಲಿ ವೈರಸ್ಸಿನ ಜೀನುಗಳನ್ನು ತೆರೆಯುವುದೊಂದೇ ಕಸುಬಲ್ಲ, ನಮ್ಮ ಸ್ವಂತ ಜೀನುಗಳು ಸಾವಿರಾರು ಅದನ್ನು ನಂಬಿಕೊಂಡಿವೆ. ಕೊನೆಯದಾಗಿ, ಬೀಗ ಹಾಕಿದರೂ ವೈರಸ್ಸು ಹಗೇವಿನಲ್ಲಿ ಇದ್ದೇ ಇರುತ್ತದೆ; ಬೀಗದ ಪ್ರಭಾವ ಇಳಿದ ದಿನ ಅದು ಏಳಬಹುದು. ಆ ಸಂಶೋಧಕರಾರೂ ಕಷಾಯವನ್ನು ಗುಳಿಗೆಗೆ ಬದಲಾಗಿ ಹೇಳಿಲ್ಲ. ಸಾರಿಗೆ ಅರಿಸಿನ ಹಾಕಿ ಉಣ್ಣುವುದಕ್ಕೆ ಅಡ್ಡಿಯಿಲ್ಲ. ಗುಳಿಗೆಯ ಡಬ್ಬಿಯನ್ನು ಅಟ್ಟಕ್ಕೆ ಎಸೆಯುವುದಕ್ಕೆ ಅದು ಕಾರಣವಾಗಕೂಡದು. 1986ರಲ್ಲಿ ಈ ಸೋಂಕು ಭಾರತದಲ್ಲಿ ಮೊದಲು ಪತ್ತೆಯಾದಾಗ ಔಷಧವಿರಲಿಲ್ಲ. 2004ರ ಏಪ್ರಿಲ್ 1ರಂದು ಸರ್ಕಾರವು ಉಚಿತ ಚಿಕಿತ್ಸೆ ಆರಂಭಿಸಿದಾಗ ಇಡೀ ದೇಶಕ್ಕೆ ಇದ್ದುದು ಎಂಟು ಕೇಂದ್ರಗಳು. ಈಗ ಜಿಲ್ಲೆ ಜಿಲ್ಲೆಯಲ್ಲಿಯೂ ದೊರೆಯುವ ಆ ಗುಳಿಗೆಯನ್ನು ತಪ್ಪದೆ ನುಂಗಿದವರು ಇತರರಷ್ಟೇ ಕಾಲ ಬಾಳುವ ನಿರೀಕ್ಷೆ ಇಟ್ಟುಕೊಳ್ಳಬಹುದು. ರಕ್ತದಲ್ಲಿ ವೈರಸ್ಸು ಕಾಣದ ಮಟ್ಟದಲ್ಲಿಯೇ ಉಳಿದಿರುವ ತನಕ ಸಂಗಾತಿಗೆ ದಾಂಪತ್ಯ ಸಂಪರ್ಕದಿಂದ ಸೋಂಕು ಹರಡುವುದಿಲ್ಲವೆಂಬುದೂ ಸಿದ್ಧವಾಗಿದೆ.

ಇಷ್ಟನ್ನೂ ಚಿಕ್ಕದಾಗಿ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಿದೆವು. ಮೂರು ವಾರಗಳ ಮೇಲೆ ಉತ್ತರ ಬಂದಿತು. ‘ನಮ್ಮ ಕಡೆಯವರು’ ಮಂಡ್ಯಕ್ಕೆ ಹೋಗಿ ಬಂದರೆಂದೂ, ರಕ್ತದಲ್ಲಿ ವೈರಸ್ಸು ಮತ್ತೆ ಕಾಣಿಸಿಕೊಂಡಿತ್ತೆಂದೂ, ಈಗ ರಾತ್ರಿ ಊಟವಾದ ಮೇಲೆ ತಾನೇ ಗುಳಿಗೆಯನ್ನು ಕೈಗೆ ಕೊಡುತ್ತಿರುವಳೆಂದೂ ಹುಡುಗಿ ಬರೆದಿದ್ದಳು. ಕಾಗದದ ಕೊನೆಯಲ್ಲಿ ಇನ್ನೊಂದು ಪ್ರಶ್ನೆ: “ನಮ್ಮ ಮನೆಯಲ್ಲಿ ಕುರಿಗಳಿವೆ. ಅವುಗಳ ವರ್ಣತಂತುವಿನಲ್ಲಿಯೂ ಇಂತಹ ವೈರಸ್ಸು ಹೊಲಿದುಕೊಂಡಿರಬಹುದೇ?”

ಎಚ್.ಐ.ವಿ. ಕುರಿಗಳಿಗೆ ಅಂಟುವುದಿಲ್ಲ. ಆದರೆ ಆಕೆಯ ಊಹೆ ಸರಿಯಾಗಿದೆ. ಕುರಿಗಳಿಗೆ ಶ್ವಾಸಕೋಶದ ಗೆಡ್ಡೆಯನ್ನುಂಟುಮಾಡುವ ಒಂದು ವೈರಸ್ಸು ಉಂಟು. ಅದರ ನೆಂಟರು ಲಕ್ಷಾಂತರ ವರ್ಷಗಳಿಂದ ಆಗಾಗ ಕುರಿಯ ವಂಶವಾಹಿನಿಯನ್ನೇ ಹೊಕ್ಕು ತಾಯಿಯಿಂದ ಮರಿಗೆ ಸಾಗಿಬಂದಿದ್ದಾರೆ. ಒಂದು ಕುರಿಯ ಡಿ.ಎನ್.ಎ.ಯಲ್ಲಿ ಅಂತಹ 27 ಪ್ರೊವೈರಸ್ಸುಗಳನ್ನು 2007ರಲ್ಲಿ ಎಣಿಸಿದರು. ಯಾವ ಕುರಿಯಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದನ್ನು ನೋಡಿ, ಮನುಷ್ಯನ ಬೆನ್ನುಹತ್ತಿ ಕುರಿಗಳು ನಾಡಿನಿಂದ ನಾಡಿಗೆ ನಡೆದ ದಾರಿಯನ್ನೇ 2009ರಲ್ಲಿ ಗುರುತಿಸಿದರು. ನಮ್ಮ ಜಿಲ್ಲೆಯ ಬಂಡೂರು ಕುರಿಯಾಗಲಿ ನಾಟಿ ಕುರಿಯಾಗಲಿ ಈ ಹಳೆಯ ಬಳುವಳಿಗೆ ಹೊರತಾಗಿರಲಾರವು. ಈ ಪ್ರೊವೈರಸ್ಸುಗಳಲ್ಲಿ ಒಂದೆರಡು, ಹೊರಗಿನಿಂದ ಬರುವ ರೋಗಕಾರಕ ವೈರಸ್ಸಿಗೆ ಅಡ್ಡಗಾಲು ಹಾಕುತ್ತವೆ. ಇನ್ನು ಕೆಲವು ದೇಹದ ಬಹುಭಾಗದಲ್ಲಿ ಮೌನವಾಗಿದ್ದು, ಗರ್ಭಕೋಶದಲ್ಲಿಯೂ ಬೆಳೆಯುವ ಮಾಸಿನಲ್ಲಿಯೂ ಮಾತ್ರ ತೆರೆದುಕೊಳ್ಳುತ್ತವೆ. 2006ರಲ್ಲಿ ಟೆಕ್ಸಾಸಿನ ಸಂಶೋಧಕರು ಗಬ್ಬದ ಕುರಿಗಳಲ್ಲಿ ಆ ಪ್ರೊವೈರಸ್ಸಿನ ಹೊರಕವಚದ ಪ್ರೋಟೀನು ತಯಾರಾಗದಂತೆ ತಡೆದರು. ಮಾಸು ಸರಿಯಾಗಿ ಬೆಳೆಯಲಿಲ್ಲ, ಗರ್ಭ ನಿಲ್ಲಲಿಲ್ಲ.

ಇದನ್ನು ಆಕೆಗೆ ಮುಂದಿನ ಕಾಗದದಲ್ಲಿ ಬರೆಯಬೇಕಾಗಿದೆ. ಈ ಸಲ ಅವರ ಹಟ್ಟಿಯಲ್ಲಿ ಎರಡು ಕುರಿ ಈದಿವೆಯಂತೆ, ಒಂದಕ್ಕೆ ಜೋಡಿ ಮರಿ.